ಸಿತ್ರಾ ಬಸ್ಸಿನ ಚಾಂಪಿಯನ್

ಅವರ ಗದ್ದದ ನಟ್ಟನಡುವೆ ಒಂದು ಗೀರು ಇತ್ತು. ಗಾಯದ ಗುರುತಲ್ಲ. ಇಪ್ಪತ್ತು ವರ್ಷ ಸ್ನೂಕರ್ ಕೋಲು ಉಜ್ಜಿ ಉಜ್ಜಿ ಅಷ್ಟು ಜಾಗದಲ್ಲಿ ಗಡ್ಡ ಬೆಳೆಯುವುದನ್ನೇ ಬಿಟ್ಟಿತ್ತು. ಬೆಳ್ಳಗಾಗುತ್ತಿದ್ದ ಗಡ್ಡ ಆ ಗೀರಿನ ಎರಡು ಬದಿಗೂ ಬೈತಲೆ ತೆಗೆದ ಹಾಗೆ ಸರಿದುಕೊಂಡಿರುತ್ತಿತ್ತು. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತರೆ ಎದುರಿನ ಕನ್ನಡಿಯಲ್ಲಿ ನನಗೆ ಮೊದಲು ಕಾಣುತ್ತಿದ್ದದ್ದು ಆ ಗೀರು, ಆಮೇಲೆ ಅವರ ನಗು.

ನಾವೆಲ್ಲ ಅವರನ್ನು ಕಾಕ ಎನ್ನುತ್ತಿದ್ದೆವು. ಉಳ್ಳಾಲದ ಕಡೆಯವರು, ಮನೆಮಾತು ಬ್ಯಾರಿ. ಬಹರೈನಿನಲ್ಲಿ ನಮ್ಮ ಕಂಪನಿಯ ಬಸ್ಸು ಓಡಿಸುತ್ತಿದ್ದರು. ಮೀನಾ ಸಲ್ಮಾನಿನ ಲೇಬರ್ ಕ್ಯಾಂಪಿನಿಂದ ಹೊರಟು, ಜುಫೈರ್‌ನಲ್ಲಿ ನಾಲ್ಕಾರು ಕಡೆ ನಿಲ್ಲಿಸಿ, ಸಿತ್ರಾದ ಪ್ಲಾಂಟಿಗೆ ನಮ್ಮನ್ನು ಮುಟ್ಟಿಸುವುದು ಅವರ ಕೆಲಸ. ನಾನು ಅಲ್ಲಿ ಸ್ಟೋರ್ ಕೀಪರ್. ನಲವತ್ತು ಜನ ಹತ್ತುತ್ತಿದ್ದೆವು, ಮೊದಲ ಸಿಗ್ನಲ್ ದಾಟುವುದರೊಳಗೆ ಮೂವತ್ತೊಂಬತ್ತು ಜನ ನಿದ್ದೆ ಹೋಗಿರುತ್ತಿದ್ದರು. ನನಗೆ ಬಸ್ಸಿನಲ್ಲಿ ನಿದ್ದೆ ಬರುವುದಿಲ್ಲ. ಆ ಒಂದು ಗುಣ ನನ್ನಲ್ಲಿ ಇಲ್ಲದಿದ್ದರೆ ಈಗ ಇದನ್ನು ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ.

ಬಸ್ಸಿನ ಡ್ಯಾಶ್‌ಬೋರ್ಡಿನ ಮೇಲೆ ಒಂದು ಹಿತ್ತಾಳೆ ಬಣ್ಣದ ಕಪ್ಪನ್ನು ಎರಡು ಸ್ಕ್ರೂ ಹಾಕಿ ಬಿಗಿದಿದ್ದರು. ಸ್ನೂಕರ್ ಟೂರ್ನಮೆಂಟಿನಲ್ಲಿ ಗೆದ್ದದ್ದು. ಬೇರೆಯವರಾದರೆ ಅದನ್ನು ಕಪಾಟಿನಲ್ಲಿ ಇಡುತ್ತಿದ್ದರು, ಕಾಕ ಅದರಲ್ಲಿ ಪೆನ್ನು, ಟ್ರಿಪ್ ಶೀಟು, ಏಲಕ್ಕಿ ಪೊಟ್ಟಣ ಇಟ್ಟುಕೊಂಡಿದ್ದರು. ವರ್ಷ ವರ್ಷ ಅವರೇ ಗೆಲ್ಲುತ್ತಿದ್ದುದರಿಂದ ಬಸ್ಸಿನಿಂದ ಆ ಕಪ್ಪು ಇಳಿಯುತ್ತಲೇ ಇರಲಿಲ್ಲ. ಟೂರ್ನಮೆಂಟಿನ ವಾರ ಮಾತ್ರ ಸ್ಕ್ರೂ ಬಿಚ್ಚಿ, ತೊಳೆದು, ಒರೆಸಿ ಮೇಜಿನ ಮೇಲೆ ತಂದಿಡುತ್ತಿದ್ದರು. ಮರುದಿನ ಅದು ಮತ್ತೆ ಏಲಕ್ಕಿ ವಾಸನೆ ಸಮೇತ ಡ್ಯಾಶ್‌ಬೋರ್ಡಿಗೆ ಬರುತ್ತಿತ್ತು.

ಆಟ ನಡೆಯುತ್ತಿದ್ದದ್ದು ಮೀನಾ ಸಲ್ಮಾನಿನ ಒಂದು ಗೋದಾಮಿನ ಮೇಲಿನ ಮಹಡಿಯಲ್ಲಿ. ಎರಡು ಟೇಬಲ್ಲು, ಪ್ಲೈವುಡ್ ನೆಲ, ಕೆಳಗಿನ ವರ್ಕ್‌ಶಾಪಿನಿಂದ ಬರುವ ವೆಲ್ಡಿಂಗ್ ವಾಸನೆ. ಶುಕ್ರವಾರ ಜುಮಾ ನಮಾಜು ಮುಗಿದು ಊಟವಾದ ಮೇಲೆ ನಮ್ಮವರು, ಮಲೆಯಾಳಿಗಳು, ಪಾಕಿಸ್ತಾನದವರು, ಫಿಲಿಪ್ಪೀನಿನವರು ಎಲ್ಲ ಅಲ್ಲಿ ಸೇರುತ್ತಿದ್ದರು. ಕಾಕ ಈ ಆಟ ಕಲಿತದ್ದೂ ಬಹರೈನಿನಲ್ಲೇ. ಮೊದಲ ಕೆಲಸದಲ್ಲಿ ಒಬ್ಬ ಇಂಗ್ಲಿಷ್ ಇಂಜಿನಿಯರಿಗೆ ಕಾರು ಓಡಿಸುತ್ತಿದ್ದರಂತೆ. ಸಾಹೇಬರು ಕ್ಲಬ್ಬಿನಲ್ಲಿ ಆಡುವಾಗ ಇವರು ಕಿಟಕಿಯ ಹೊರಗೆ ನಿಂತು ನೋಡುತ್ತಿದ್ದರು. ಒಂದು ದಿನ ಸಾಹೇಬರು ಕೋಲು ಕೈಗೆ ಕೊಟ್ಟರು, ಆರು ತಿಂಗಳ ನಂತರ ಕೊಟ್ಟದ್ದಕ್ಕೆ ಪಶ್ಚಾತ್ತಾಪಪಟ್ಟರು ಎಂದು ಕಾಕ ಹೇಳಿ ನಗುತ್ತಿದ್ದರು.

ಆ ಹಾಲಿನ ಗೋಡೆಗೆ ಎತ್ತರದಲ್ಲಿ ಒಂದು ಹಲಗೆ ಹೊಡೆದು, ಅದರ ಮೇಲೆ ಹಳೆಯ ಡಬ್ಬಾ ಟೀವಿ ಇಟ್ಟು, ಬೀಳದ ಹಾಗೆ ಹಗ್ಗದಿಂದ ಕಟ್ಟಿದ್ದರು. ಎರಡು ಸಾವಿರ ಇಸವಿ ದಾಟಿದ ಆ ಮೊದಲ ವರ್ಷಗಳಲ್ಲಿ ಡಿಶ್ ಇದ್ದವರಿಗೆ ಸ್ನೂಕರಿನ ಸುಗ್ಗಿ. ಏಪ್ರಿಲ್ ಕೊನೆಗೆ ಇಂಗ್ಲೆಂಡಿನ ದೊಡ್ಡ ಪಂದ್ಯಾವಳಿ ಶುರುವಾದರೆ ಹಾಲಿನಲ್ಲಿ ನಿಲ್ಲಲು ಜಾಗ ಇರುತ್ತಿರಲಿಲ್ಲ. ವೇಸ್ಟ್‌ಕೋಟು, ಬೋ ಟೈ ಹಾಕಿದ ಆಟಗಾರರು ಮಸೀದಿಯಲ್ಲಿ ನಡೆದ ಹಾಗೆ ಸದ್ದಿಲ್ಲದೆ ಮೇಜಿನ ಸುತ್ತ ನಡೆಯುತ್ತಿದ್ದರು. ನಮ್ಮವರೂ ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಟೀವಿಯ ಟ್ಯೂಬು ಹಳತಾಗಿ ಎಲ್ಲ ಬಣ್ಣಗಳೂ ಹಸಿರಿನ ಕಡೆಗೆ ವಾಲಿದ್ದವು. ಯಾವ ಚೆಂಡು ಯಾವುದು ಎಂದು ಕಾಕ ಒಬ್ಬರಿಗೇ ಗೊತ್ತಾಗುತ್ತಿತ್ತು. ತಮ್ಮ ಮಂಗಳೂರು ಹಿಂದಿಯಲ್ಲಿ ಎಲ್ಲರಿಗೂ ವಿವರಿಸುತ್ತಿದ್ದರು. ಹೇಗೆ ಗೊತ್ತಾಗುತ್ತದೆ ಎಂದು ಒಮ್ಮೆ ಕೇಳಿದ್ದಕ್ಕೆ, "ಬಣ್ಣ ಎಂತಕ್ಕೆ ಮಾರಾಯ, ಪ್ರತಿಯೊಂದಕ್ಕೂ ಅದರದ್ದೇ ಜಾಗ ಉಂಟಲ್ಲ," ಎಂದಿದ್ದರು.

ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಮೇಜಿನ ಮೇಲೆ ಹದಿನೈದು ಕೆಂಪು ಚೆಂಡುಗಳು, ಬೇರೆ ಬೇರೆ ಬಣ್ಣದವು ಆರು. ಮೊದಲು ಒಂದು ಕೆಂಪು, ಆಮೇಲೆ ಒಂದು ಬಣ್ಣದ್ದು, ಮತ್ತೆ ಒಂದು ಕೆಂಪು, ಹೀಗೆ ಬಿಳಿ ಚೆಂಡಿನಿಂದ ಹೊಡೆದು ಸರದಿಯಲ್ಲಿ ಗುಳಿಗೆ ಬೀಳಿಸಬೇಕು. ಕೆಂಪಿನ ಸರದಿಯಲ್ಲಿ ಬೇರೆ ಬಣ್ಣಕ್ಕೆ ಹೊಡೆದರೆ ಫೌಲ್, ಎದುರಾಳಿಗೆ ಕನಿಷ್ಠ ನಾಲ್ಕು ಅಂಕ. ಗುಳಿಗೆ ಬಿದ್ದ ಬಣ್ಣದ ಚೆಂಡನ್ನು ತೆಗೆದು, ಒರೆಸಿ, ಮತ್ತೆ ಅದರ ಜಾಗದಲ್ಲಿ ಇಡುವವನು ರೆಫ್ರಿ. ನಮ್ಮ ಹಾಲಿನಲ್ಲಿ ಆ ರೆಫ್ರಿ ನಾನು. ಆಡಲು ನನಗೆ ಬರುತ್ತಿರಲಿಲ್ಲ, ಕೋಲು ಹಿಡಿದರೆ ಮೇಜಿನ ಬಟ್ಟೆ ಹರಿಯುತ್ತೇನೆ ಎಂದು ಎಲ್ಲರಿಗೂ ಭಯ. ಆದರೆ ಸ್ಟೋರಿನವನಾದ್ದರಿಂದ ಲೆಕ್ಕ ತಪ್ಪುವುದಿಲ್ಲ ಎಂದು ಕಾಕ ನನ್ನನ್ನು ಎಳೆದುಕೊಂಡು ಹೋಗಿ ನಿಲ್ಲಿಸಿದರು. ಟೀವಿಯ ರೆಫ್ರಿಗಳ ಹಾಗೆ ಕಾಣಬೇಕೆಂದು ನಾನು ಬಿಳಿ ಹತ್ತಿಯ ಗ್ಲೌಸು ಹಾಕಿಕೊಳ್ಳುತ್ತಿದ್ದೆ. ಕಾಕ ಫೈನಲ್ಲಿನ ದಿನ ಮನಾಮಾದ ದರ್ಜಿಯಿಂದ ಹೊಲಿಸಿದ ಕಪ್ಪು ವೇಸ್ಟ್‌ಕೋಟು ತೊಡುತ್ತಿದ್ದರು, ಬೆವರಿಗೆ ಅದರ ಬೆನ್ನು ಯಾವಾಗಲೂ ಒದ್ದೆ.

ರೆಫ್ರಿಯ ಕೆಲಸವನ್ನು ಅವರು ಟೀವಿ ನೋಡಿಯೇ ನನಗೆ ಕಲಿಸಿದರು. ಆಟಗಾರನಿಗೆ ಯಾವ ಚೆಂಡು ಎಂದು ಅನುಮಾನ ಬಂದರೆ ರೆಫ್ರಿಯನ್ನು ಕೇಳಬಹುದು, ರೆಫ್ರಿ ನಿಜ ಹೇಳಲೇಬೇಕು, ಅದು ನಿಯಮ. "ಕೇಳಿದ್ರೆ ಹೇಳ್ಬೇಕು, ಕೇಳದಿದ್ರೆ ಹೇಳ್ಬಾರ್ದು. ರೆಫ್ರಿಗೆ ಅಷ್ಟೇ ಕೆಲಸ." ಇದನ್ನು ಅವರು ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಯಾರಾದರೂ ಬೇಡದ ಸಲಹೆ ಕೊಟ್ಟರೂ ಅದೇ ಮಾತು, ಬಸ್ಸಿನಲ್ಲಿ ಯಾರಾದರೂ ಇನ್ನೊಬ್ಬರ ಸುದ್ದಿ ಎತ್ತಿದರೂ ಅದೇ ಮಾತು.

ಕೆಲವು ವರ್ಷಗಳ ನಂತರ ಹಾಲಿಗೆ ಗೋಡೆಗೆ ಅಂಟಿಸುವ ಹೊಸ ಟೀವಿ ಬಂತು. ಬಟ್ಟೆಯ ಮೇಲಿನ ಸೀಮೆಸುಣ್ಣದ ಚುಕ್ಕೆ ಕೂಡ ಕಾಣುವಷ್ಟು ಸ್ಪಷ್ಟ. ಎಲ್ಲರೂ ಬಾಯಿ ಬಿಟ್ಟು ನೋಡುತ್ತಿದ್ದರೆ ಕಾಕ ಮುಖ ಗಂಟು ಹಾಕಿಕೊಂಡು, ಇದರ ಬಣ್ಣ ಸರಿ ಇಲ್ಲ, ಬ್ರೌನೂ ರೆಡ್ಡೂ ಒಂದೇ ಥರ ಕಾಣುತ್ತದೆ, ಹಳೆಯದೇ ಒಳ್ಳೆಯದಿತ್ತು ಎಂದರು. ಎಲ್ಲರೂ ನಕ್ಕರು. ವಯಸ್ಸಾದವರಿಗೆ ಹೊಸದು ಹಿಡಿಸುವುದಿಲ್ಲ ಎಂದು ತಮಾಷೆ ಮಾಡಿದರು. ನಾನೂ ನಕ್ಕೆ, ಆಮೇಲೆ ನಗು ನಿಲ್ಲಿಸಿದೆ. ಆ ಹೊತ್ತಿಗೆ ಪರದೆಯ ಮೇಲೆ ಬ್ರೌನ್ ಚೆಂಡು ಕೆಂಪಿನ ಪಕ್ಕದಲ್ಲೇ ಇತ್ತು. ಎರಡಕ್ಕೂ ಇದ್ದ ವ್ಯತ್ಯಾಸ ಯಾರಿಗೂ ಕಾಣುವಂತಿತ್ತು.

ಅವರಿಗೆ ಸಕ್ಕರೆ ಕಾಯಿಲೆ ಇದ್ದದ್ದು ಗೊತ್ತಿತ್ತು, ಅದು ಕಣ್ಣಿಗೆ ಇಳಿದದ್ದು ಗೊತ್ತಿರಲಿಲ್ಲ. ಮರುವಾರ ಆಟದ ನಡುವೆ ನನ್ನ ಹತ್ತಿರ ಬಂದು, ಕೋಲಿನ ತುದಿಗೆ ಹಚ್ಚುವ ಸೀಮೆಸುಣ್ಣ ತೆಗೆದುಕೊಳ್ಳುವ ನೆಪದಲ್ಲಿ, ಮೂಲೆಯಲ್ಲಿ ಇರುವುದು ಯಾವುದು ಎಂದು ಮೆಲ್ಲಗೆ ಕೇಳಿದರು. ಬ್ರೌನ್ ಎಂದೆ. ಇನ್ನೊಂದು ವಾರ ಮತ್ತೆ ಕೇಳಿದರು. ಮೂರನೆಯ ಸಲ ಅವರು ಕೇಳುವ ಮೊದಲೇ ನಾನು ಹೋಗಿ ಬ್ರೌನ್ ಚೆಂಡಿನ ಹಿಂದೆ, ಮೇಜಿನ ಆಚೆ ಬದಿಗೆ, ಬಿಳಿ ಗ್ಲೌಸಿನ ಕೈಗಳನ್ನು ಮುಂದೆ ಕಟ್ಟಿಕೊಂಡು ನಿಂತೆ. ಅವರು ನನ್ನ ಕೈ ನೋಡಿದರು, ಪಕ್ಕದ ಕೆಂಪನ್ನು ಗುಳಿಗೆ ಹಾಕಿದರು. ಅಲ್ಲಿಂದ ಮುಂದೆ ಬ್ರೌನು ತನ್ನ ಜಾಗ ಬಿಟ್ಟು ಕೆಂಪಿನ ಹತ್ತಿರ ಹೋದಾಗಲೆಲ್ಲ ನಾನು ಅದರ ಹಿಂದೆ ನಿಲ್ಲುತ್ತಿದ್ದೆ. ಈ ಬಗ್ಗೆ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ. ಆ ವರ್ಷವೂ ಕಪ್ಪು ಅವರದ್ದೇ.

ಡಾಕ್ಟರಿಗೆ ತೋರಿಸಿ ಎಂದು ಒಮ್ಮೆ ಹೇಳಿದ್ದೆ, ಇಲ್ಲವೆಂದಲ್ಲ. ಬಸ್ಸಿನಿಂದ ಎಲ್ಲರೂ ಇಳಿದು ಹೋದ ಮೇಲೆ ಹೇಳಿದೆ. ಅವರು ಏಲಕ್ಕಿ ಬಿಡಿಸುತ್ತ, "ಡಾಕ್ಟ್ರು ಕಣ್ಣು ನೋಡಿದ್ರೆ ಕಂಪನಿಯವ್ರು ಲೈಸೆನ್ಸ್ ನೋಡ್ತಾರೆ, ಲೈಸೆನ್ಸ್ ನೋಡಿದ್ರೆ ವೀಸಾ ನೋಡ್ತಾರೆ. ಮತ್ತೆ ನಾನು ಊರಿಗೆ ಹೋಗಿ ಎಂತ ನೋಡೋದು?" ಎಂದರು. ಅವರ ವೀಸಾದಲ್ಲಿ ಡ್ರೈವರ್ ಎಂದಿತ್ತು. ಡ್ರೈವರಲ್ಲದ ಕಾಕನಿಗೆ ಬಹರೈನಿನಲ್ಲಿ ಒಂದು ದಿನವೂ ಜಾಗವಿಲ್ಲ. ಸಿಗ್ನಲ್ಲುಗಳ ಮಟ್ಟಿಗೆ ಅವರಿಗೆ ತೊಂದರೆ ಇರಲಿಲ್ಲ, ಮೇಲಿನ ದೀಪ ಕೆಂಪು, ಕೆಳಗಿನದು ಹಸಿರು, ಅಲ್ಲಿಯೂ ಜಾಗ ನೋಡಿಯೇ ಸಂಭಾಳಿಸುತ್ತಿದ್ದರು. ನಾನು ಅದನ್ನೇ ನೆಚ್ಚಿಕೊಂಡು ಸುಮ್ಮನಿದ್ದೆ.

ಚಳಿಗಾಲದ ಒಂದು ಬೆಳಿಗ್ಗೆ. ಆಗತಾನೇ ಬೆಳಕು ಹರಿಯುತ್ತಿತ್ತು, ಸಮುದ್ರದ ಕಡೆಯಿಂದ ತೆಳ್ಳಗೆ ಮಂಜು. ಸಿತ್ರಾಕ್ಕೆ ತಿರುಗುವ ತಿರುವಿನಲ್ಲಿ ರಸ್ತೆ ರಿಪೇರಿ ನಡೆದಿತ್ತು. ಮಣ್ಣಿನ ಬಣ್ಣದ ಬಟ್ಟೆ ತೊಟ್ಟ ಒಬ್ಬ ಕೆಲಸಗಾರ ಅಗೆದ ಮರಳಿನ ಮುಂದೆ ನಿಂತು ಕೆಂಪು ಬಾವುಟ ಬೀಸುತ್ತಿದ್ದ. ನನಗೆ ಅವನು ದೂರದಿಂದಲೇ ಕಂಡ. ಕಾಕ ನಿಧಾನಿಸುತ್ತಾರೆ ಎಂದು ಕಾದೆ. ಕನ್ನಡಿಯಲ್ಲಿ ಅವರ ಮುಖ ಶಾಂತವಾಗಿತ್ತು, ಕಣ್ಣು ರಸ್ತೆಯ ಮೇಲೆಯೇ ಇತ್ತು, ಬಸ್ಸು ಮಾತ್ರ ಅದೇ ವೇಗದಲ್ಲಿ ಹೋಗುತ್ತಿತ್ತು. ಕೂಗಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಆ ಮನುಷ್ಯ ಹಿಂದಕ್ಕೆ ಹಾರಿದ. ಅವನ ಬಾವುಟ ನನ್ನ ಪಕ್ಕದ ಗಾಜಿಗೆ ಪಟಾರನೆ ಬಡಿದು ಹೋಯಿತು.

"ಎಂತದು ಅದು?" ಎಂದರು ಕಾಕ.

"ಎಂತ ಇಲ್ಲ ಕಾಕ. ಗಾಳಿಗೆ ಎಂತದೋ ಬಂದು ಬಡೀತು."

"ಅಲ್ಲಿ ಯಾರೂ ಇರ್ಲಿಲ್ಲ ಅಲ್ವಾ?"

"ಇಲ್ಲ."

ತಿರುಗಿ ನೋಡಿದೆ. ಆ ಮನುಷ್ಯ ಮರಳಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಿದ್ದ. ಬಸ್ಸಿನಲ್ಲಿ ಒಬ್ಬರೂ ಎಚ್ಚರಗೊಂಡಿರಲಿಲ್ಲ. ಮರುದಿನ ಹೋಗುವಾಗ ಅವನು ಅದೇ ತಿರುವಿನಲ್ಲಿ, ರಸ್ತೆಯಿಂದ ಇನ್ನೂ ನಾಲ್ಕು ಹೆಜ್ಜೆ ಆಚೆಗೆ ನಿಂತಿದ್ದ. ಅವನನ್ನು ನೋಡಿ ನನಗೆ ಅಳು ಬಂತು. ಕೆಲಸಕ್ಕೆ ಹೋಗಿ ಇಡೀ ದಿನ ಬೋಲ್ಟುಗಳನ್ನು ಎಣಿಸಿದ್ದನ್ನೇ ಎಣಿಸಿದೆ.

ಆಮೇಲೆ ಎರಡು ತಿಂಗಳು ನಾನು ದಿನಾ ಆ ಸೀಟಿನಲ್ಲಿ ಕೂತೆ. ಎದುರಿಗೆ ಏನು ಬಂದರೂ ಏನಾದರೊಂದು ಮಾತು ತೆಗೆಯುತ್ತಿದ್ದೆ. ಎದುರಿನ ಲಾರಿಯವ ಹೇಗೆ ನಿಲ್ಲಿಸಿದ್ದಾನೆ ನೋಡಿ ಎಂದೋ, ಇಲ್ಲಿ ಇನ್ನೂ ಅಗೆಯುತ್ತಿದ್ದಾರೆ ಎಂದೋ. ಕಾಕ ಹೂಂಗುಟ್ಟುತ್ತಿದ್ದರು. ಕಂಪನಿಗೆ ಹೇಳಿದರೆ ಕಾಕನ ಬದುಕು ಮುಗಿಯುತ್ತದೆ, ಹೇಳದಿದ್ದರೆ ಇನ್ನೊಂದು ಬೆಳಿಗ್ಗೆ ಇನ್ನೊಬ್ಬ ಹಾರುವುದು ತಡವಾಗಬಹುದು. ಇದು ಅರ್ಥವಾಗದಷ್ಟು ದಡ್ಡನೇನೂ ಅಲ್ಲ ನಾನು. ಕೇಳದಿದ್ದರೆ ಹೇಳಬಾರದು ಎಂಬ ಅವರ ಮಾತನ್ನೇ ಅಡ್ಡ ಇಟ್ಟುಕೊಂಡು ದಿನ ದೂಡಿದೆ.

ಆ ಸಲದ ಫೈನಲ್ಲಿಗೆ ಮುಖ್ಯ ಅತಿಥಿಯಾಗಿ ಬಂದವರು ನಮ್ಮ ಟ್ರಾನ್ಸ್‌ಪೋರ್ಟ್ ಸೂಪರ್‌ವೈಸರ್. ಕುಂದಾಪುರದ ಕಡೆಯವರು, ಒಳ್ಳೆಯ ಮನುಷ್ಯ. ಎದುರಾಳಿ ಜುಫೈರ್‌ನ ಹೋಟೆಲಿನಲ್ಲಿ ಕೆಲಸ ಮಾಡುವ ಒಬ್ಬ ಫಿಲಿಪ್ಪೀನಿ. ಮಧ್ಯಾಹ್ನ ಮೂರಕ್ಕೆ ಶುರುವಾದ ಆಟ ಕೊನೆಯ ಫ್ರೇಮಿಗೆ, ಅಂದರೆ ಗೆಲುವು ತೀರ್ಮಾನವಾಗುವ ಸುತ್ತಿಗೆ ಬಂತು. ಮೇಜಿನ ಮೇಲೆ ಒಂದೇ ಒಂದು ಕೆಂಪು ಉಳಿದಿತ್ತು. ಅದು ಒಂದು ಬದಿಯ ಗುಳಿಯ ಹತ್ತಿರ, ಬ್ರೌನು ಅದರಿಂದ ಒಂದು ಗೇಣು ದೂರದಲ್ಲಿ. ಸರದಿ ಕಾಕನದ್ದು. ನಾನು ಎಂದಿನಂತೆ ಹೋಗಿ ಬ್ರೌನಿನ ಹಿಂದೆ ನಿಂತೆ. ಕಾಕ ಸೀಮೆಸುಣ್ಣ ಹಚ್ಚುತ್ತ ಮೇಜಿನ ಸುತ್ತ ಬಂದು ಬಗ್ಗಿದರು, ಕೋಲು ಗದ್ದದ ಗೀರಿಗೆ ಕೂತಿತು.

ಆಗ ನಾನು ಸರಿದೆ. ಯಾರೋ ಹಿಂದಿನಿಂದ ಕರೆದರು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಯಾರೂ ಕರೆದಿರಲಿಲ್ಲ. ಎರಡು ಹೆಜ್ಜೆ, ಮೂರು ಹೆಜ್ಜೆ ಹಿಂದೆ ಹೋಗಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಗೋಡೆಗೆ ಒರಗಿ ನಿಂತೆ. ಪ್ಲೈವುಡ್ ನೆಲ ಕಿರುಗುಟ್ಟಿತು. ಕಾಕ ಬಗ್ಗಿದಲ್ಲೇ ಕೋಲನ್ನು ತಡೆದರು. ತಲೆ ಎತ್ತಿ ನಾನಿದ್ದ ಕಡೆ ನೋಡಿದರು. ಕೇಳಬಹುದಿತ್ತು, ಕೇಳಿದ್ದರೆ ನಾನು ಹೇಳಲೇಬೇಕಿತ್ತು. ಅವರು ಕೇಳಲಿಲ್ಲ. ಮತ್ತೆ ಬಗ್ಗಿ ಹೊಡೆದರು. ಅಂಥ ಹೊಡೆತವನ್ನು ನಾನು ಟೀವಿಯಲ್ಲೂ ನೋಡಿಲ್ಲ, ಚೆಂಡು ಗುಳಿಯ ಅಂಚಿಗೂ ತಾಗದೆ ಒಳಗೆ ಹೋಯಿತು. ಹೋದದ್ದು ಬ್ರೌನು.

ಹಿಂದೆ ಯಾರೋ ಒಬ್ಬ ನಕ್ಕ, ತಮಾಷೆ ಎಂದುಕೊಂಡಿರಬೇಕು. ನಾನು "ಫೌಲ್, ನಾಲ್ಕು" ಎಂದೆ. ನನ್ನ ದನಿ ನನಗೇ ಬೇರೆಯವರದ್ದೆನಿಸಿತು.

ಕಾಕ ಕೋಲನ್ನು ನೆಲಕ್ಕೂರಿ ನಿಂತು, ಎಲ್ಲರಿಗೂ ಕೇಳುವ ಹಾಗೆ, "ಅದು ರೆಡ್ ಅಲ್ವಾ ರೆಫ್ರಿ?" ಎಂದರು.

"ಅಲ್ಲ ಕಾಕ. ಬ್ರೌನ್."

ಸೂಪರ್‌ವೈಸರ್ ಚಹಾದ ಲೋಟವನ್ನು ಕೆಳಗಿಟ್ಟು ಕಾಕನನ್ನೇ ನೋಡುತ್ತಿದ್ದರು. ಫ್ರೇಮು ಫಿಲಿಪ್ಪೀನಿಯದ್ದಾಯಿತು. ಕಾಕ ಅವನ ಬೆನ್ನು ತಟ್ಟಿ, ಕಪ್ಪಿನೊಳಗಿಂದ ಒಂದು ಏಲಕ್ಕಿ ಸಿಪ್ಪೆ ತೆಗೆದು ಬಿಸಾಡಿ, ತಾವೇ ಅದನ್ನು ಅವನ ಕೈಗೆ ಕೊಟ್ಟರು.

ಮುಂದಿನ ವಾರ ಕಣ್ಣಿನ ಪರೀಕ್ಷೆ, ಅದರ ಮುಂದಿನ ವಾರ ಬೇರೆ ಡ್ರೈವರ್. ಸೂಪರ್‌ವೈಸರ್ ನನ್ನನ್ನು ಕರೆದು, ನಿಮಗೆ ಮೊದಲೇ ಗೊತ್ತಿತ್ತಾ ಎಂದು ಕೇಳಿದರು. ಇಲ್ಲ ಎಂದೆ. ತಿಂಗಳೊಳಗೆ ಕಾಕ ಊರಿಗೆ ಹೊರಟರು. ಏರ್‌ಪೋರ್ಟಿನಲ್ಲಿ ಬಸ್ಸಿನ ಅರ್ಧ ಜನ ಇದ್ದೆವು. ಒಬ್ಬೊಬ್ಬರನ್ನೇ ಅಪ್ಪಿಕೊಳ್ಳುತ್ತ ಬಂದು, ನನ್ನ ಮುಂದೆ ಬಂದಾಗ ನನ್ನ ಎರಡೂ ಅಂಗೈಗಳನ್ನು ಹಿಡಿದು ಬಗ್ಗಿ ನೋಡಿದರು. ಗ್ಲೌಸು ಇಲ್ಲದೆ ಗುರುತು ಸಿಗುವುದಿಲ್ಲ ಮಾರಾಯ ಎಂದು ನಕ್ಕರು. ಬಸ್ಸಿನ ಡ್ಯಾಶ್‌ಬೋರ್ಡಿನಲ್ಲಿ ಸ್ಕ್ರೂಗಳ ಎರಡು ತೂತು ಉಳಿದವು. ಹೊಸ ಡ್ರೈವರ್ ಅದರ ಮೇಲೆ ಒಂದು ಸ್ಟಿಕ್ಕರ್ ಅಂಟಿಸಿದ. ನಾನು ರೆಫ್ರಿ ಕೆಲಸ ಬಿಟ್ಟೆ. ಒಂದೆರಡು ವರ್ಷದಲ್ಲಿ ಸ್ನೂಕರ್ ಹಾಲೂ ಮುಚ್ಚಿತು, ಟೀವಿಯಲ್ಲಿಯೂ ಎಲ್ಲರಿಗೂ ಬರೀ ಕ್ರಿಕೆಟ್, ಫುಟ್‌ಬಾಲ್.

ರಜೆಗೆ ಊರಿಗೆ ಹೋದಾಗ ಒಮ್ಮೆ ಅವರ ಮನೆಗೆ ಹೋದೆ. ಉಳ್ಳಾಲದಲ್ಲಿ ಸಮುದ್ರದ ಸದ್ದು ಕೇಳುವಷ್ಟು ಹತ್ತಿರ. ಕಾಕ ಟೀವಿಯ ಮುಂದೆ ಕುರ್ಚಿ ಹಾಕಿ ಕೂತಿದ್ದರು. ಯಾವುದೋ ಚಾನೆಲ್ಲಿನಲ್ಲಿ ಹಳೆಯ ಸ್ನೂಕರ್ ಪಂದ್ಯ ಬರುತ್ತಿತ್ತು. ಅವರಿಗೆ ಆಗ ಬೆಳಕು, ನೆರಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಚೆಂಡಿಗೆ ಚೆಂಡು ತಾಗುವ ಸದ್ದು ಕೇಳಲಿಕ್ಕೆಂದೇ ಹಾಕಿಸಿಕೊಳ್ಳುತ್ತಾರೆ ಎಂದು ಅವರ ಹೆಂಡತಿ ಹೇಳಿದರು. ಕೋಲು ಹಿಡಿಯುವುದು ನಿಂತು ಎಷ್ಟೋ ಕಾಲವಾಗಿದ್ದರೂ ಗದ್ದದ ಗೀರಿನಲ್ಲಿ ಕೂದಲು ಬೆಳೆದಿರಲಿಲ್ಲ.

"ರೆಫ್ರಿ ಬಂದ, ಇನ್ನು ಹೇಳು," ಎಂದರು. ನಾನು ಪಕ್ಕದಲ್ಲಿ ಕೂತು ಹೇಳತೊಡಗಿದೆ. ರೆಡ್. ಬ್ಲ್ಯಾಕ್. ರೆಡ್. ಪಿಂಕ್. ಅವರು ಪ್ರತಿಯೊಂದಕ್ಕೂ ತಲೆದೂಗುತ್ತಿದ್ದರು. ಒಂದು ಹಂತದಲ್ಲಿ ನಾನು ಬ್ರೌನ್ ಎಂದೆ. ಅವರು ತಲೆದೂಗಲಿಲ್ಲ.

"ಆವತ್ತು ನಿನ್ನ ಬೂಟಿನ ಸದ್ದು ನಂಗೆ ಕೇಳಿತ್ತು," ಎಂದರು. ದನಿಯಲ್ಲಿ ಸಿಟ್ಟು ಇರಲಿಲ್ಲ. "ನೀನು ಸರಿದದ್ದು ಗೊತ್ತಾಯ್ತು. ರೆಫ್ರಿ ಸುಮ್ಮನೆ ಸರಿಯುವವ ಅಲ್ಲ, ಎಂತದೋ ಉಂಟು ಅಂತ ನೀನು ನಿಂತಿದ್ದ ಕಡೆಯ ಚೆಂಡಿಗೇ ಹೊಡೆದೆ. ಮತ್ತೆ ಸೂಪರ್‌ವೈಸರಿಗೆ ಕೇಳ್ಲಿ ಅಂತಲೇ ಗಟ್ಟಿ ಕೇಳಿದೆ."

ಅವರು ನನ್ನ ಕಡೆ ಮುಖ ತಿರುಗಿಸಿದರು.

"ಒಂದು ಕೇಳ್ಬೇಕು ನಿನ್ನತ್ರ. ಆ ಮಂಜಿನ ದಿನ, ತಿರುವಿನಲ್ಲಿ, ಗಾಜಿಗೆ ಬಡಿದದ್ದು. ಅಲ್ಲಿ ಯಾರಾದ್ರೂ ಇದ್ರಾ?"

ಅಷ್ಟು ವರ್ಷ ಅವರು ಅದನ್ನು ಹೊತ್ತುಕೊಂಡಿದ್ದರು. ಕಣ್ಣಿಲ್ಲದ ಈ ಮನುಷ್ಯನಿಗೆ ಈಗ ಅದನ್ನು ಹೇಳಿ, ರಾತ್ರಿಗಳನ್ನು ಯಾಕೆ ಕೆಡಿಸಬೇಕು ಎನಿಸಿತು. ಒಳ್ಳೆಯದಾಗಲಿ ಎಂದೇ ಹೇಳಿದೆ, ಅದಂತೂ ಸತ್ಯ.

"ಇಲ್ಲ ಕಾಕ. ಯಾರೂ ಇರ್ಲಿಲ್ಲ."

ಟೀವಿಯಲ್ಲಿ ಜನ ಚಪ್ಪಾಳೆ ತಟ್ಟುತ್ತಿದ್ದರು.

"ಹಾಗಾದ್ರೆ ನೀನು ಯಾಕೆ ಸರಿದದ್ದು?" ಎಂದರು ಕಾಕ.

ಅಷ್ಟರಲ್ಲಿ ಅವರ ಹೆಂಡತಿ ಚಹಾ, ಬಿಸ್ಕತ್ತು ತಂದಿಟ್ಟು, ಬಹರೈನಿನಲ್ಲಿ ಈಗ ಸೆಕೆ ಹೇಗಿದೆ ಎಂದು ಕೇಳಿದರು. ನಾನು ಸೆಕೆಯ ಬಗ್ಗೆ ಹೇಳಿದೆ. ಕಾಕ ಚಹಾ ಕುಡಿದರು. ಹೊರಡುವಾಗ ಗೇಟಿನವರೆಗೆ ಬಂದು, ಹುಷಾರಾಗಿ ಹೋಗು ಎಂದರು, ರೆಫ್ರಿ ಎನ್ನಲಿಲ್ಲ.

ಬಹರೈನಿಗೆ ಮರಳಿದ ಮೇಲೆ ಎರಡು ಸಲ ಫೋನ್ ಮಾಡಿದೆ. ಎರಡೂ ಸಲ ಅವರು ಎತ್ತಿದರು, ಎರಡೂ ಸಲ ನಾನು ಆರೋಗ್ಯ ವಿಚಾರಿಸಿ ಇಟ್ಟೆ. ಮೂರನೆಯ ಸಲ ಕರೆ ಅಲ್ಲಿಂದಲೇ ಬಂತು, ಅವರ ಅಳಿಯನದ್ದು. ಬೆಳಗಿನ ನಮಾಜಿಗೆ ಎದ್ದವರು ಮತ್ತೆ ಮಲಗಿದ್ದರಂತೆ, ಏಳಲಿಲ್ಲ. ನಾನಾಗ ಬಸ್ಸಿನಲ್ಲಿದ್ದೆ, ಅದೇ ಸೀಟಿನಲ್ಲಿ. ಎದುರಿನ ಕನ್ನಡಿಯಲ್ಲಿ ಬೇರೆ ಯಾರದೋ ಮುಖವಿತ್ತು.

ಈಗ ನನ್ನದೇ ಕಾರಿದೆ. ಸಿತ್ರಾದ ಆ ತಿರುವು ಬಂದಾಗ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ, ಹಿಂದಿನ ಗಾಡಿಯವರು ಹಾರ್ನ್ ಹೊಡೆದು ಬೈಯುತ್ತಾರೆ. ಅಲ್ಲಿ ಈಗ ಅಗೆತವೂ ಇಲ್ಲ, ಬಾವುಟವೂ ಇಲ್ಲ. ಆದರೂ ಪಕ್ಕದ ಗಾಜಿಗೆ ಬಟ್ಟೆ ಬಡಿದ ಸದ್ದು ನನಗೆ ಕೇಳುತ್ತದೆ, ಅದರ ಬೆನ್ನಿಗೇ ಕಾಕನ ಪ್ರಶ್ನೆ. ಕಾರಿನಲ್ಲಿ ಒಬ್ಬನೇ ಇರುವುದರಿಂದ ಗಟ್ಟಿಯಾಗಿಯೇ ಉತ್ತರ ಹೇಳುತ್ತೇನೆ.

"ಇದ್ದ ಕಾಕ. ಒಬ್ಬ ಇದ್ದ."